ನೀಲಿ ಪರದೆ, ಹಠಾತ್ ರೀಸ್ಟಾರ್ಟ್, ತಪ್ಪು ತಾರೀಖು: ಹಳೆಯ ಕಂಪ್ಯೂಟರಿನ ತೊಂದರೆಯನ್ನು ಬಿಡಿಸಿ ನೋಡುವ ಬಗೆ

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಾನೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಕಂಪ್ಯೂಟರ್ 2012ರಲ್ಲಿ ಅಸೆಂಬಲ್ ಮಾಡಿಸಿದ್ದು. ಎರಡನೆಯ ತಲೆಮಾರಿನ ಇಂಟೆಲ್ ಐ3, 4 ಜಿಬಿ ರ‍್ಯಾಮ್. ಆಗ ವಿಂಡೋಸ್ 7 ಇತ್ತು, ಈಗ ವಿಂಡೋಸ್ 10 ಇದೆ. ನಾನು ಟೀ ಕುಡಿದು ಬರುವಷ್ಟರಲ್ಲಿ ಸಿಸ್ಟಮ್ ಸ್ಲೀಪಿಗೆ ಹೋಗಿರುತ್ತದೆ. ಎಬ್ಬಿಸಿದರೆ ಕೆಲವು ಸಲ ನೀಲಿ ಪರದೆಯ ಮೇಲೆ ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’ ಎಂದು ಬರುತ್ತದೆ. ಲೇಸರ್ ಪ್ರಿಂಟರಿಗೆ ಪ್ರಿಂಟ್ ಕೊಟ್ಟಾಗ, ಅದರಲ್ಲೂ ತೋಟಗಳಿಗೆ ತ್ರೀ ಫೇಸ್ ಬಿಟ್ಟಿರುವ ಹೊತ್ತಿನಲ್ಲಿ, ಯಾವ ಸಂದೇಶವೂ ಇಲ್ಲದೆ ತಟ್ಟನೆ ರೀಸ್ಟಾರ್ಟ್ ಆಗುತ್ತದೆ. ಪ್ರಿಂಟರ್ ಆಗಾಗ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎನ್ನುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಬೆಳಿಗ್ಗೆ ಅಂಗಡಿ ತೆರೆದಾಗ ತಾರೀಖು ಹಿಂದಕ್ಕೆ ಹೋಗಿರುತ್ತದೆ. ಇಂಟರ್ನೆಟ್ಟಿಗೆ ಯುಎಸ್‌ಬಿ ವೈಫೈ ಡಾಂಗಲ್ ಹಾಕಿದ್ದೇನೆ. ರಿಪೇರಿಯವರೊಬ್ಬರು ಎರಡು ಸಲ ಫಾರ್ಮ್ಯಾಟ್ ಮಾಡಿಕೊಟ್ಟರು, ಸರಿಹೋಗಲಿಲ್ಲ. ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ ಎನ್ನುತ್ತಿದ್ದಾರೆ. ಹೊಸದನ್ನೇ ಕೊಳ್ಳಬೇಕೆ?

ಉತ್ತರ: ನೀವು ಬರೆದಿರುವ ಲಕ್ಷಣಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕಾಣಿಸಿಕೊಳ್ಳುತ್ತಿರುವುದರಿಂದ ಒಂದೇ ಕಾಯಿಲೆಯಂತೆ ತೋರುತ್ತಿವೆ. ಅವುಗಳಿಗೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿವೆ ಎಂದು ನನಗೆ ಅನ್ನಿಸುತ್ತದೆ, ಮತ್ತು ಆ ಮೂರರಲ್ಲಿ ಯಾವುದೂ ಮದರ್‌ಬೋರ್ಡ್ ಹೋಗಿರುವುದಕ್ಕೆ ಸಾಕ್ಷಿಯಲ್ಲ. ಗೊಂದಲಕ್ಕೆ ದೊಡ್ಡ ಕಾರಣವೆಂದರೆ, ನೀಲಿ ಪರದೆಯ ಮೇಲೆ ಪವರ್ ಎಂದು ಬರೆದಿರುವ ತೊಂದರೆಗೂ ನಿಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವ ಕರೆಂಟಿಗೂ ಬಹುತೇಕ ಸಂಬಂಧವಿರುವುದಿಲ್ಲ; ಡ್ರೈವರ್ (ಸಾಧನವನ್ನು ವಿಂಡೋಸಿಗೆ ಹೊಂದಿಸುವ ತಂತ್ರಾಂಶ) ದೋಷವೆಂದು ಎಲ್ಲರೂ ತಿಳಿಯುವ ಯುಎಸ್‌ಬಿ ತಕರಾರಿನ ಮೂಲ ಮಾತ್ರ ಅದೇ ಗೋಡೆಯ ಪ್ಲಗ್ಗಿನ ಅರ್ಥಿಂಗಿನಲ್ಲಿರುವ ಸಾಧ್ಯತೆ ಹೆಚ್ಚು. ಎರಡು ಸಲ ಫಾರ್ಮ್ಯಾಟ್ ಮಾಡಿದರೂ ಗುಣ ಕಾಣದಿದ್ದುದು ಆಶ್ಚರ್ಯವಲ್ಲ. ಫಾರ್ಮ್ಯಾಟ್ ಮಾಡಿದ ಮೇಲೆ ವಿಂಡೋಸ್ ಅಪ್‌ಡೇಟ್ ಅದೇ ಹಾರ್ಡ್‌ವೇರಿಗೆ ಅದೇ ಡ್ರೈವರನ್ನು ತಂದು ಕೂರಿಸುತ್ತದೆ. ವೈರಿಂಗಂತೂ ಇದ್ದ ಹಾಗೆಯೇ ಇರುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು. ಗಿರಾಕಿಗಳ ಕಡತಗಳನ್ನು, ಅವುಗಳ ಜೊತೆಗೆ ನುಡಿ ತಂತ್ರಾಂಶವನ್ನೂ ಅದರ ಫಾಂಟುಗಳನ್ನೂ, ಪೆನ್ ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತವೆ.

ಮೊದಲು ಕೈಹಾಕಬೇಕಾದದ್ದು ಎಲ್ಲಕ್ಕಿಂತ ಅಗ್ಗದ ತೊಂದರೆಗೆ, ಅಂದರೆ ತಾರೀಖಿಗೆ. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ. ಅದರ ಮೇಲೆ ಸಿಆರ್ 2032 ಎಂದು ಅಚ್ಚಾಗಿರುತ್ತದೆ, ವೋಲ್ಟೇಜ್ 3. ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ, ಕಂಪ್ಯೂಟರ್ ಆಫ್ ಆಗಿದ್ದರೂ, ಎಸ್‌ಎಂಪಿಎಸ್ಸಿನಿಂದ (ಕ್ಯಾಬಿನೆಟ್ಟಿನೊಳಗೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಡಿಸಿಯಾಗಿ ಬದಲಿಸುವ ಡಬ್ಬಿ) ಬರುವ 5 ವೋಲ್ಟಿನ ಸ್ಟ್ಯಾಂಡ್‌ಬೈ ಪೂರೈಕೆಯೇ ಗಡಿಯಾರವನ್ನು ನಡೆಸುತ್ತದೆ. ನೀವು ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡುತ್ತೀರಿ ಎಂದು ಊಹಿಸುತ್ತೇನೆ. ಆಗ ಗಡಿಯಾರದ ಭಾರವೆಲ್ಲ ಆ ಸೆಲ್ಲಿನ ಮೇಲೆ ಬೀಳುತ್ತದೆ, ಸತ್ತ ಸೆಲ್ ಅದನ್ನು ಹೊರಲಾರದು, ಬೆಳಗಿನ ಹೊತ್ತಿಗೆ ತಾರೀಖು ಹಿಂದಕ್ಕೆ ಜಾರಿರುತ್ತದೆ. ಹಗಲಿನಲ್ಲಿ ಈ ತೊಂದರೆ ಕಾಣದಿರುವುದೂ ಇದೇ ಕಾರಣಕ್ಕೆ. ಮಲ್ಟಿಮೀಟರಿನಲ್ಲಿ ಆ ಸೆಲ್ 2.7 ವೋಲ್ಟಿಗಿಂತ ಕೆಳಗೆ ತೋರಿಸಿದರೆ ಯೋಚಿಸದೆ ಬದಲಿಸಿ.

ಇಷ್ಟು ಸಣ್ಣ ಸಂಗತಿಯನ್ನು ಮೊದಲಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಮುಂದೆ ನಾವು ಓದಬೇಕಾಗಿರುವ ದಾಖಲೆಗಳೆಲ್ಲ ಗಡಿಯಾರವನ್ನು ನಂಬಿಕೊಂಡಿವೆ. ಬೆಳಿಗ್ಗೆ ತಪ್ಪು ತಾರೀಖಿನಲ್ಲಿ ಶುರುವಾಗಿ, ಇಂಟರ್ನೆಟ್ ಸಿಕ್ಕ ಮೇಲೆ ಸರಿಯಾದ ತಾರೀಖಿಗೆ ಜಿಗಿಯುವ ಯಂತ್ರದ ದಾಖಲೆಯಲ್ಲಿ ಯಾವುದು ಯಾವಾಗ ನಡೆಯಿತೆಂದು ಹೇಳುವುದು ಕಷ್ಟ. ಬ್ರೌಸರ್ ಆಗಾಗ ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ತಕರಾರು ಮಾಡುತ್ತಿದ್ದರೆ ಅದೂ ಇದರಿಂದಲೇ. ಸೆಲ್ ತೆಗೆಯುವ ಮುನ್ನ ಬಯಾಸ್ (ವಿಂಡೋಸಿಗಿಂತ ಮೊದಲು ಯಂತ್ರವನ್ನು ಶುರುಮಾಡುವ ಮೂಲ ತಂತ್ರಾಂಶ) ಪುಟಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಮುಖ್ಯವಾಗಿ ಹಾರ್ಡ್ ಡಿಸ್ಕಿನೊಂದಿಗೆ ಯಾವ ಬಗೆಯಲ್ಲಿ ಮಾತಾಡಬೇಕೆಂದು ಹೇಳುವ ‘ಸಾಟಾ ಮೋಡ್’ ಎಂಬ ಸಾಲನ್ನು. ಸೆಲ್ ತೆಗೆದಾಗ ಬಯಾಸ್ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ; ಆ ಸಾಲಿನಲ್ಲಿ ಎಎಚ್‌ಸಿಐ ಇದ್ದದ್ದು ಐಡಿಇ ಆಗಿ ಬದಲಾದರೆ ವಿಂಡೋಸ್ ಮೇಲೇಳದೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಹೊಸದೊಂದು ನೀಲಿ ಪರದೆ ತೋರಿಸುತ್ತದೆ. ಆಗ ಗಾಬರಿಯಾಗಿ ಮತ್ತೆ ಫಾರ್ಮ್ಯಾಟಿಗೆ ಕೊಡುವವರನ್ನು ಕಂಡಿದ್ದೇನೆ. ಆ ಒಂದು ಸಾಲನ್ನು ಮೊದಲಿದ್ದಂತೆ ಇಟ್ಟರೆ ಸಾಕು.

ಇನ್ನು ದಾಖಲೆ. ವಿಂಡೋಸ್ ಕೀ ಮತ್ತು ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯಲ್ಲಿ ಸಿಸ್ಟಮ್ ಆರಿಸಿಕೊಳ್ಳಿ. ಯಂತ್ರ ಹೇಳದೆ ಕೇಳದೆ ನಿಂತಾಗಲೆಲ್ಲ ಮುಂದಿನ ಬಾರಿ ಶುರುವಾಗುವಾಗ ಅಲ್ಲಿ ಎರಡು ನಮೂದುಗಳು ಬೀಳುತ್ತವೆ: ಕರ್ನಲ್-ಪವರ್ ಹೆಸರಿನಲ್ಲಿ 41 ಸಂಖ್ಯೆಯದು ಒಂದು, ಇವೆಂಟ್‌ಲಾಗ್ ಹೆಸರಿನಲ್ಲಿ 6008 ಸಂಖ್ಯೆಯದು ಇನ್ನೊಂದು. 41ರಲ್ಲಿ ಕಾಣುವ ಹೊತ್ತು ಯಂತ್ರ ಮತ್ತೆ ಎದ್ದ ಹೊತ್ತು. ಅದು ನಿಂತ ಹೊತ್ತು 6008ರಲ್ಲಿ ಸಿಗುತ್ತದೆ. 41ನ್ನು ಕಂಡ ತಕ್ಷಣ ಎಸ್‌ಎಂಪಿಎಸ್ ಹೋಗಿದೆ ಎಂದು ತೀರ್ಪು ಕೊಡುವವರಿದ್ದಾರೆ. ಆ ಸಂಖ್ಯೆ ಹೇಳುವುದು ಇಷ್ಟೇ: ಹಿಂದಿನ ಸಲ ಕ್ರಮವಾಗಿ ಶಟ್‌ಡೌನ್ ಆಗಲಿಲ್ಲ. ಕಾರಣ ತಿಳಿಯಲು ಅದರ ಡೀಟೇಲ್ಸ್ ಪುಟಕ್ಕೆ ಹೋಗಿ ‘ಬಗ್‌ಚೆಕ್ ಕೋಡ್’ ಎಂಬ ಸಾಲನ್ನು ನೋಡಬೇಕು. ಅಲ್ಲಿ 0 ಇದ್ದರೆ ವಿಂಡೋಸಿಗೆ ಏನನ್ನೂ ಬರೆದುಕೊಳ್ಳಲು ಸಮಯವೇ ಸಿಗಲಿಲ್ಲ ಎಂದರ್ಥ, ಅಂದರೆ ಕರೆಂಟ್ ಕಡಿದಿರಬೇಕು, ಇಲ್ಲವೇ ಯಂತ್ರ ಹೆಪ್ಪುಗಟ್ಟಿದಂತೆ ನಿಂತು ಯಾರೋ ಬಟನ್ ಒತ್ತಿ ಆರಿಸಿರಬೇಕು. ಅಲ್ಲಿ 159 ಇದ್ದರೆ ಅದು ನಿಮ್ಮ ನೀಲಿ ಪರದೆ. ಆ ದೋಷಕ್ಕೆ ಹದಿನಾರರ ಎಣಿಕೆಯಲ್ಲಿ (ಹೆಕ್ಸ್) 9ಎಫ್ ಎಂದಿರುವ ಸಂಖ್ಯೆಯನ್ನೇ ಇಲ್ಲಿ ದಶಮಾನದಲ್ಲಿ ಬರೆದಿರುತ್ತದೆ. ಒಂದು ವಾರದ 41ಗಳನ್ನೆಲ್ಲ ಹೀಗೆ 0 ಮತ್ತು 159 ಎಂದು ಎರಡು ಗುಂಪು ಮಾಡಿ, ಎದುರಿಗೆ 6008ರ ಹೊತ್ತನ್ನು ಬರೆದುಕೊಳ್ಳಿ. ಪ್ರಿಂಟ್ ಕೊಟ್ಟ ಹೊತ್ತಿನವು ಮೊದಲ ಗುಂಪಿಗೂ ಸ್ಲೀಪಿನಿಂದ ಎಬ್ಬಿಸಿದ ಹೊತ್ತಿನವು ಎರಡನೆಯ ಗುಂಪಿಗೂ ಸೇರುತ್ತವೆ ಎಂಬುದು ನನ್ನ ನಿರೀಕ್ಷೆ. ಹಾಗೆ ಸೇರಿದರೆ ಅವೆರಡೂ ಬೇರೆ ಬೇರೆ ರೋಗಗಳೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಮೊದಲ ಗುಂಪನ್ನು ತೆಗೆದುಕೊಳ್ಳೋಣ, ಏಕೆಂದರೆ ನಿಮ್ಮ ಅಂಗಡಿಯಲ್ಲಿ ಹಾರ್ಡ್ ಡಿಸ್ಕಿಗೆ ನಿಜವಾದ ಅಪಾಯ ಇರುವುದು ಇದರಿಂದಲೇ. ಲೇಸರ್ ಪ್ರಿಂಟರಿನೊಳಗೆ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಇದೆ. ಅದು 200 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಿಸಿಯಾಗಬೇಕು. ಸುಮ್ಮನೆ ಕುಳಿತಾಗ ಹತ್ತು ವ್ಯಾಟ್ ಕೂಡ ತೆಗೆದುಕೊಳ್ಳದ ಸಣ್ಣ ಪ್ರಿಂಟರ್ ಆ ಕ್ಷಣದಲ್ಲಿ 600ರಿಂದ 1000 ವ್ಯಾಟ್ ಎಳೆಯುತ್ತದೆ. ಜೆರಾಕ್ಸ್ ಯಂತ್ರ ಇದಕ್ಕೂ ಹೆಚ್ಚು ಎಳೆಯುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಪ್ರಿಂಟರಿನ ಪ್ಲಗ್ ಆ ಯುಪಿಎಸ್ಸಿನ ಹಿಂಬದಿಗೆ ಹೋಗಿದೆಯೇ ಎಂದು ಈಗಲೇ ಬಗ್ಗಿ ನೋಡಿ. ಹೋಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕರೆಂಟ್ ಹೋದಾಗಲೂ ಪ್ರಿಂಟ್ ಬರಲಿ ಎಂಬ ಆಸೆಯಿಂದ ಹಲವರು ಹೀಗೆ ಜೋಡಿಸುತ್ತಾರೆ. ಲೇಸರ್ ಪ್ರಿಂಟರನ್ನೂ ಜೆರಾಕ್ಸ್ ಯಂತ್ರವನ್ನೂ ಅಂಥ ಯುಪಿಎಸ್ಸಿಗೆ ಎಂದಿಗೂ ಹಾಕಬಾರದು, ಕಂಪ್ಯೂಟರಿನ ಎಕ್ಸ್‌ಟೆನ್ಷನ್ ಬೋರ್ಡಿಗೂ ಹಾಕಬಾರದು. 16 ಆಂಪಿಯರಿನ ಬೇರೆಯದೇ ಸಾಕೆಟ್ಟಿನಿಂದ ಅವಕ್ಕೆ ಲೈನ್ ಕೊಡಿಸಿ.

ತ್ರೀ ಫೇಸ್ ಬಿಟ್ಟಿರುವ ಹೊತ್ತಿನಲ್ಲೇ ತೊಂದರೆ ಹೆಚ್ಚೆಂದು ನೀವು ಬರೆದಿರುವುದು ಬೆಲೆಯುಳ್ಳ ಸುಳಿವು. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಹೋಗಿವೆ, ಅಷ್ಟು ಆಳದಿಂದ ನೀರೆತ್ತುವ ಮೋಟಾರುಗಳೂ ದೊಡ್ಡವು. ಕರೆಂಟ್ ಬಂದೊಡನೆ ಅವೆಲ್ಲ ಒಟ್ಟಿಗೆ ಶುರುವಾದಾಗ, ಓಡುವಾಗ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಪ್ರವಾಹ ಎಳೆಯುತ್ತವೆ. ಅವುಗಳೊಂದಿಗೆ ಸಂಬಂಧವಿರುವ ಲೈನಿನ ಕೊನೆಯಲ್ಲಿರುವ ಅಂಗಡಿಗೆ 230 ವೋಲ್ಟಿನ ಬದಲು 180 ವೋಲ್ಟ್ ತಲಪುವುದು ಅಪರೂಪವಲ್ಲ. ಹಳೆಯ ಎಸ್‌ಎಂಪಿಎಸ್ಸಿನ ಲೇಬಲ್ ಓದಿದರೆ ಅದರ ಕನಿಷ್ಠ ಮಿತಿಯೂ ಸಾಮಾನ್ಯವಾಗಿ ಅದೇ 180ರ ಆಸುಪಾಸಿನಲ್ಲಿರುತ್ತದೆ.

ಇಲ್ಲಿ ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸ್‌ಎಂಪಿಎಸ್ಸಿನೊಳಗೆ ದಪ್ಪನೆಯ ಕೆಪಾಸಿಟರುಗಳಿರುತ್ತವೆ. ಕರೆಂಟ್ ಕ್ಷಣಮಾತ್ರ ತಪ್ಪಿದಾಗ ಅವುಗಳಲ್ಲಿ ಕೂಡಿಟ್ಟ ಶಕ್ತಿಯೇ ಯಂತ್ರವನ್ನು ನಡೆಸುತ್ತದೆ. ಹೊಸ ಎಸ್‌ಎಂಪಿಎಸ್ಸಿನಲ್ಲಿ ಇದು ಪೂರ್ಣ ಭಾರದಲ್ಲೂ ಸುಮಾರು 16 ಮಿಲಿಸೆಕೆಂಡ್ ಇರಬೇಕೆಂಬುದು ಎಟಿಎಕ್ಸ್ ವಿನ್ಯಾಸದ ನಿಯಮ. ಸಾಧಾರಣ ಯುಪಿಎಸ್ ಬ್ಯಾಟರಿಗೆ ಬದಲಾಗಲು 4ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಹಾಗಾಗಿ ಎಲ್ಲವೂ ಸರಿಯಿದ್ದಾಗ ಕಂಪ್ಯೂಟರಿಗೆ ಬದಲಾವಣೆ ತಿಳಿಯುವುದೇ ಇಲ್ಲ. ಆದರೆ ಕೆಪಾಸಿಟರಿನಲ್ಲಿ ಉಳಿಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ಇದ್ದದ್ದು 180ಕ್ಕೆ ಇಳಿದರೆ ಶಕ್ತಿ ನೂರಕ್ಕೆ 61ರಷ್ಟು ಮಾತ್ರ ಉಳಿಯುತ್ತದೆ. ಅದರ ಮೇಲೆ ಹನ್ನೆರಡು ವರ್ಷಕ್ಕೂ ಮೀರಿದ ಬಿಸಿಲು, ಧೂಳುಗಳಲ್ಲಿ ಒಣಗಿದ ಕೆಪಾಸಿಟರ್ ತನ್ನ ಸಾಮರ್ಥ್ಯವನ್ನೇ ಕಳೆದುಕೊಂಡಿರುತ್ತದೆ. ವೋಲ್ಟೇಜ್ ಕುಸಿದು, ಆ ಹೊತ್ತಿಗೇ ಫ್ಯೂಸರ್ ಎಳೆದು, ಯುಪಿಎಸ್ ಬ್ಯಾಟರಿಗೆ ಜಿಗಿಯಲು ಹೊರಟಾಗ ಆ ಕೆಲವು ಮಿಲಿಸೆಕೆಂಡುಗಳನ್ನು ದಾಟಿಸಲು ಎಸ್‌ಎಂಪಿಎಸ್ಸಿನಲ್ಲಿ ಕಸುವಿರುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ವಿಂಡೋಸಿನ ದಾಖಲೆಯಲ್ಲಿ 0 ಬಿಟ್ಟು ಬೇರೇನೂ ಉಳಿಯದಿರುವುದು ಅದಕ್ಕೇ.

ಪರೀಕ್ಷೆ ಹೀಗಿರಲಿ. ಪ್ರಿಂಟರನ್ನು ಬೇರೆ ಸಾಕೆಟ್ಟಿಗೆ ಹಾಕಿ, ಕಂಪ್ಯೂಟರನ್ನು ಯುಪಿಎಸ್ಸಿನಲ್ಲೇ ಬಿಟ್ಟು, ತ್ರೀ ಫೇಸ್ ಇರುವ ಹೊತ್ತಿನಲ್ಲಿ ಒಂದೊಂದು ಪುಟದಂತೆ ಬಿಟ್ಟು ಬಿಟ್ಟು ಪ್ರಿಂಟ್ ಕೊಡಿ, ಏಕೆಂದರೆ ಒಮ್ಮೆಲೇ ಇಪ್ಪತ್ತು ಪುಟ ಕೊಟ್ಟರೆ ಫ್ಯೂಸರ್ ಆರುವುದಿಲ್ಲ, ಮತ್ತೆ ಮತ್ತೆ ಬಿಸಿಯಾಗುವ ಎಳೆತವೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮಲ್ಟಿಮೀಟರನ್ನು ಎಸಿ 750 ವೋಲ್ಟಿನ ಅಳತೆಯಲ್ಲಿಟ್ಟು ಸಾಕೆಟ್ಟಿನ ವೋಲ್ಟೇಜ್ ಗಮನಿಸಿ. ಪ್ರಿಂಟ್ ಶುರುವಾದೊಡನೆ ಹತ್ತು-ಹದಿನೈದು ವೋಲ್ಟ್ ಇಳಿದು ಟ್ಯೂಬ್‌ಲೈಟ್ ಮಂಕಾದರೆ ಅಂಗಡಿಯ ಒಳಗಿನ ವೈರು ತೆಳುವಾಗಿದೆ ಅಥವಾ ಎಲ್ಲೋ ಜಾಯಿಂಟ್ ಸಡಿಲವಾಗಿದೆ. ರೀಸ್ಟಾರ್ಟ್ ನಿಂತರೆ ಕೆಲಸ ಮುಗಿಯಿತು. ನಿಲ್ಲದಿದ್ದರೆ ಯುಪಿಎಸ್ಸನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು: ಕಂಪ್ಯೂಟರ್ ಬಿಡಿಸಿ, 100 ವ್ಯಾಟಿನ ಹಳೆಯ ಬುರುಡೆ ಬಲ್ಬನ್ನು ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ. ಬಲ್ಬು ಕೆಲವು ನಿಮಿಷ ಉರಿಯದೆ ತಕ್ಷಣ ಆರಿದರೆ ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿ ಮುಗಿದಿದೆ. ಅಂಥ ಬ್ಯಾಟರಿಗಳ ಆಯುಷ್ಯ ಸಾಮಾನ್ಯವಾಗಿ ಎರಡು-ಮೂರು ವರ್ಷ. ಯುಪಿಎಸ್ಸಿನ ಬದಲು ದೊಡ್ಡ ಇನ್ವರ್ಟರ್ ಬಳಸುತ್ತಿದ್ದರೆ ಅದರ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ, ನಾರ್ಮಲ್ ಮೋಡಿನಲ್ಲಿದ್ದರೆ ಬದಲಿಸಿ. ನಾರ್ಮಲ್‌ನಲ್ಲಿ ಅದು ನೂರು ವೋಲ್ಟಿನ ಸುಮಾರಿಗೆ ಇಳಿಯುವವರೆಗೂ ಲೈನಿನಲ್ಲೇ ಉಳಿದು, ನಿಧಾನವಾಗಿ ಬದಲಾಗುತ್ತದೆ. ಫ್ಯಾನು, ದೀಪಗಳಿಗೆ ಅದು ಸಾಕು, ಕಂಪ್ಯೂಟರಿಗೆ ಸಾಲದು.

ಯುಪಿಎಸ್ ಸರಿಯಿದ್ದೂ ರೀಸ್ಟಾರ್ಟ್ ಮುಂದುವರಿದರೆ ಸರದಿ ಎಸ್‌ಎಂಪಿಎಸ್ಸಿನದು. ಕಂಪ್ಯೂಟರ್ ಚಾಲನೆಯಲ್ಲಿರುವಾಗ ಖಾಲಿ ಉಳಿದ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ವೈರು ಮತ್ತು ಕಪ್ಪು ವೈರಿನ ನಡುವೆ 11.4ರಿಂದ 12.6, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಮೀಟರಿನಲ್ಲಿ ಸರಿ ಕಂಡ ಮಾತ್ರಕ್ಕೆ ಎಸ್‌ಎಂಪಿಎಸ್ ಆರೋಗ್ಯವಾಗಿದೆ ಎನ್ನಲಾಗದು, ಕ್ಷಣಾರ್ಧದ ಕುಸಿತವನ್ನು ಮೀಟರ್ ಹಿಡಿಯುವುದಿಲ್ಲ. ತಪ್ಪು ಕಂಡರೆ ಮಾತ್ರ ಅದು ಖಚಿತ. ನಂಬಿಕೆಯ ಅಂಗಡಿಯಿಂದ ಒಂದು ಎಸ್‌ಎಂಪಿಎಸ್ಸನ್ನು ಎರಡು ದಿನಕ್ಕೆ ಎರವಲು ತಂದು ಹಾಕಿ ನೋಡುವುದು ಎಲ್ಲ ಅಳತೆಗಿಂತ ಒಳ್ಳೆಯ ಪರೀಕ್ಷೆ. ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬೇಡಿ. ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಅದರೊಳಗೆ 300 ವೋಲ್ಟಿಗೂ ಮೀರಿದ ಡಿಸಿ ಕೆಲಕಾಲ ಉಳಿದಿರುತ್ತದೆ. ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಅದನ್ನು ಮುಟ್ಟಲೇಬಾರದು. ನಮ್ಮ ಕರೆಂಟಿನಲ್ಲಿ 115ಕ್ಕೆ ಸರಿಸಿದರೆ ಢಂ ಎಂದು ಸುಡುತ್ತದೆ.

ಕ್ಯಾಬಿನೆಟ್ ಜುಮ್ಮೆನ್ನುವುದು ಮತ್ತು ಪ್ರಿಂಟರಿನ ಯುಎಸ್‌ಬಿ ತಕರಾರು ಎರಡನ್ನೂ ಒಟ್ಟಿಗೆ ಓದಬೇಕು. ಎಸ್‌ಎಂಪಿಎಸ್ಸಿನ ಬಾಯಲ್ಲೇ ವಿದ್ಯುತ್ ಗದ್ದಲವನ್ನು (ನಾಯ್ಸ್) ಸೋಸಲು ಎರಡು ಪುಟ್ಟ ಕೆಪಾಸಿಟರುಗಳಿವೆ: ಒಂದು ಫೇಸಿನಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲಿನಿಂದ ಕ್ಯಾಬಿನೆಟ್ಟಿಗೆ. ಅರ್ಥಿಂಗ್ ಸರಿಯಿದ್ದರೆ ಅವುಗಳ ಮೂಲಕ ಹರಿಯುವ ಅಲ್ಪ ಪ್ರವಾಹ ಭೂಮಿಗೆ ಇಳಿದುಹೋಗುತ್ತದೆ. ಅರ್ಥಿಂಗ್ ಕಡಿದಿದ್ದರೆ ಕ್ಯಾಬಿನೆಟ್ ಆ ಎರಡರ ನಡುವೆ ಸಿಕ್ಕಿಬಿದ್ದು, ಅದರ ಮೇಲೆ ಸುಮಾರು 110 ವೋಲ್ಟ್ ನಿಲ್ಲುತ್ತದೆ. ಪ್ರವಾಹ ತೀರ ಕಡಿಮೆ ಇರುವುದರಿಂದ ಜುಮ್ಮೆನ್ನುವಷ್ಟಕ್ಕೆ ಮುಗಿಯುತ್ತದೆ. ಆದರೆ ಬೇರೆ ಸಾಕೆಟ್ಟಿನಲ್ಲಿರುವ ಪ್ರಿಂಟರಿಗೂ ಈ ಕಂಪ್ಯೂಟರಿಗೂ ನಡುವೆ ಯುಎಸ್‌ಬಿ ಕೇಬಲ್ ಎಳೆದಾಗ, ಭೂಮಿಗೆ ಹೋಗಲು ದಾರಿ ಕಾಣದ ಆ ಪ್ರವಾಹ ಕೇಬಲ್ಲಿನ ಗ್ರೌಂಡ್ ವೈರನ್ನು ಹಿಡಿಯುತ್ತದೆ. ಯುಎಸ್‌ಬಿ ಸಂಕೇತಗಳು ಕೆಲವೇ ವೋಲ್ಟಿನವು. ಅವು ಕದಡಿದರೆ ವಿಂಡೋಸ್ ತನ್ನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರಿನಲ್ಲಿ ‘ಕೋಡ್ 43’ ಎಂದು ಹಳದಿ ಗುರುತು ಹಾಕಿ ಪ್ರಿಂಟರನ್ನು ಹೊರಗಿಡುತ್ತದೆ, ಆಗ ಡ್ರೈವರನ್ನು ಹತ್ತು ಸಲ ಹಾಕಿದರೂ ಅಷ್ಟೇ. ಮೂರು ಮೀಟರಿಗಿಂತ ಉದ್ದದ ಅಗ್ಗದ ಕೇಬಲ್ ಇದ್ದರೆ ತೊಂದರೆ ಇನ್ನೂ ಹೆಚ್ಚು.

ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಬರುವಷ್ಟೇ ವೋಲ್ಟೇಜ್ ಫೇಸ್ ಮತ್ತು ಅರ್ಥ್ ನಡುವೆಯೂ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು-ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕೈಯಲ್ಲೇ ಅಳೆಸಿ. ಅರ್ಥಿಂಗ್ ಗುಂಡಿ ಹಳೆಯದಾಗಿದ್ದರೆ, ನಮ್ಮ ಕಡೆಯ ಗರಸು ಮಣ್ಣು ಬೇಸಿಗೆಯಲ್ಲಿ ಪೂರ್ತಿ ಒಣಗಿ ಪೈಪಿಗೂ ಭೂಮಿಗೂ ಸಂಪರ್ಕವೇ ಇಲ್ಲದಂತಾಗಿರುತ್ತದೆ. ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯಿಸಿ ನೋಡಿದರೆ ವ್ಯತ್ಯಾಸ ಅಂದೇ ಗೊತ್ತಾಗುತ್ತದೆ. ಕೆಲವರು ಗುಂಡಿಯ ಗೊಡವೆಯೇ ಬೇಡವೆಂದು ಸಾಕೆಟ್ಟಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲಿಗೆ ತುಂಡು ವೈರಿನಿಂದ ಸೇರಿಸಿಬಿಡುತ್ತಾರೆ. ಜುಮ್ಮೆನ್ನುವುದು ತಕ್ಷಣ ನಿಲ್ಲುತ್ತದೆ, ನಿಜ. ಎಂದಾದರೂ ಕಂಬದಿಂದ ಬರುವ ನ್ಯೂಟ್ರಲ್ ಕಡಿದರೆ ಇಡೀ 230 ವೋಲ್ಟ್ ಕ್ಯಾಬಿನೆಟ್ಟಿನ ಮೇಲೆ ಬರುತ್ತದೆ. ಹಾಗೆ ಮಾಡಿದ್ದರೆ ಇಂದೇ ತೆಗೆಸಿ. ವೋಲ್ಟೇಜ್ ಸದಾ ಕಡಿಮೆ ಇರುವುದಾದರೆ ನಿಮ್ಮ ಮೀಟರಿನ ಅಳತೆಗಳನ್ನು ಹೊತ್ತಿನ ಸಮೇತ ಬರೆದುಕೊಂಡು ಬೆಸ್ಕಾಂನ 1912ಕ್ಕೆ ದೂರು ಕೊಡಬಹುದು.

ಈಗ ನೀಲಿ ಪರದೆ, ಅಂದರೆ 159ರ ಗುಂಪು. ಕಂಪ್ಯೂಟರ್ ಸ್ಲೀಪಿಗೆ ಹೋಗುವಾಗ ವಿಂಡೋಸ್ ಒಂದೊಂದು ಸಾಧನದ ಡ್ರೈವರಿಗೂ ‘ನಿನ್ನ ಸಾಧನವನ್ನು ಮಲಗಿಸು’ ಎಂದು ಸೂಚನೆ ಕಳಿಸುತ್ತದೆ, ಏಳುವಾಗ ‘ಎಬ್ಬಿಸು’ ಎಂದು ಕಳಿಸುತ್ತದೆ. ಪೂರ್ಣ ಎಚ್ಚರದ ಸ್ಥಿತಿಗೆ ಡಿ0 ಎಂದೂ ಪೂರ್ಣ ನಿದ್ರೆಗೆ ಡಿ3 ಎಂದೂ ಹೆಸರು. ಯಾವುದಾದರೂ ಡ್ರೈವರ್ ಆ ಸೂಚನೆಯನ್ನು ತೆಗೆದುಕೊಂಡು, ಆಯಿತೆಂದೂ ಹೇಳದೆ ಆಗಲಿಲ್ಲವೆಂದೂ ಹೇಳದೆ ಕುಳಿತರೆ, ಗಡುವು ಮೀರುವವರೆಗೆ ಕಾದು ವಿಂಡೋಸ್ ತಾನೇ ನಿಂತುಬಿಡುತ್ತದೆ. ಆದ್ದರಿಂದ ಇಲ್ಲಿ ಹುಡುಕಬೇಕಾದದ್ದು ಉತ್ತರ ಕೊಡದೆ ಕುಳಿತ ಆ ಒಂದು ಡ್ರೈವರನ್ನು. ಎಸ್‌ಎಂಪಿಎಸ್ ಬದಲಿಸಿದರೆ ಈ ಪರದೆ ಹೋಗುವುದಿಲ್ಲ.

ನನ್ನ ಮೊದಲ ಸಂಶಯ ವೈಫೈ ಡಾಂಗಲಿನ ಮೇಲೆ. ಅಗ್ಗದ ಡಾಂಗಲುಗಳ ಡ್ರೈವರುಗಳು ನಿದ್ರೆಯಿಂದ ಏಳುವ ವಿಷಯದಲ್ಲಿ ಕುಖ್ಯಾತ. ಅದನ್ನು ಕಿತ್ತಿಟ್ಟು, ಎರಡು ದಿನ ಮೊಬೈಲಿನ ಯುಎಸ್‌ಬಿ ಟೆದರಿಂಗಿನಲ್ಲಿ ಇಂಟರ್ನೆಟ್ ಬಳಸಿ, ಬೇಕೆಂದೇ ಹಲವು ಸಲ ಸ್ಲೀಪಿಗೆ ಕಳಿಸಿ ಎಬ್ಬಿಸಿ. ಪರದೆ ಬರದಿದ್ದರೆ ತಪ್ಪಿತಸ್ಥ ಸಿಕ್ಕಿಬಿದ್ದ. ಆಗಲೂ ಡಾಂಗಲ್ ಎಸೆಯಬೇಕಾಗಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ಅದರ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದೆಂಬ ಸಾಲಿನ ಟಿಕ್ ತೆಗೆಯಿರಿ. ಪವರ್ ಆಪ್ಷನ್ಸಿನ ಅಡ್ವಾನ್ಸ್‌ಡ್ ಸೆಟಿಂಗ್ಸಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡನ್ನೂ ಡಿಸೇಬಲ್ ಮಾಡಿ.

ಡಾಂಗಲ್ ಇಲ್ಲದೆಯೂ ಪರದೆ ಬಂದರೆ ಊಹೆ ಬಿಟ್ಟು ಸಾಕ್ಷಿ ನೋಡೋಣ. ನೀಲಿ ಪರದೆ ಬಂದಾಗ ವಿಂಡೋಸ್ ತನ್ನ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಫೋಲ್ಡರಿನಲ್ಲಿ ಸಣ್ಣದೊಂದು ಕಡತ ಬರೆದಿಡುತ್ತದೆ. ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದರೆ ಸಂಶಯಾಸ್ಪದ ಡ್ರೈವರುಗಳ ಹೆಸರು ಕಾಣುತ್ತದೆ. ಅಲ್ಲಿ ಬಹುತೇಕ ಯಾವಾಗಲೂ ವಿಂಡೋಸ್ ಕರ್ನಲಿನ, ಅಂದರೆ ವಿಂಡೋಸಿನ ತಿರುಳಿನ, ಕಡತದ ಹೆಸರೂ ಇರುತ್ತದೆ. ಅದು ದೂರು ಕೊಟ್ಟವನ ಹೆಸರು, ಅದನ್ನು ಬಿಟ್ಟು ಉಳಿದವನ್ನು ನೋಡಿ. ಕಡತದ ಹೆಸರು ಆರ್‌ಟಿ ಎಂದು ಶುರುವಾದರೆ ಸಾಮಾನ್ಯವಾಗಿ ರಿಯಲ್‌ಟೆಕ್‌ನ ನೆಟ್‌ವರ್ಕ್ ಅಥವಾ ಆಡಿಯೊ, ಐಜಿಡಿ ಎಂದಿದ್ದರೆ ಇಂಟೆಲ್ ಗ್ರಾಫಿಕ್ಸ್.

ಗ್ರಾಫಿಕ್ಸ್ ನಿಮ್ಮ ಯಂತ್ರದಲ್ಲಿ ಎರಡನೆಯ ಸಂಶಯ, ಮತ್ತು ಇದರಲ್ಲಿ ನಿಮ್ಮ ಆಯ್ಕೆಗಳು ಕಡಿಮೆ. ಎರಡನೆಯ ತಲೆಮಾರಿನ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಇಂಟೆಲ್ ವಿಂಡೋಸ್ 10ರ ಬೆಂಬಲವನ್ನು ಅಧಿಕೃತವಾಗಿ ಕೊಡಲಿಲ್ಲ. ವಿಂಡೋಸ್ ಅಪ್‌ಡೇಟ್ ತಂದುಕೊಡುವ ಡ್ರೈವರೇ ನಿಮಗಿರುವ ನೇರ ದಾರಿ. ರಿಪೇರಿಯವರು ಅಂತರ್ಜಾಲದಿಂದ ವಿಂಡೋಸ್ 7ರ ಡ್ರೈವರನ್ನು ಇಳಿಸಿ ಬಲವಂತವಾಗಿ ಕೂರಿಸಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಇಂಟರ್ನೆಟ್ ಸಂಪರ್ಕದಲ್ಲಿಟ್ಟು, ಅಪ್‌ಡೇಟಿಗೆ ಬಿಡಿ. ಡಿವೈಸ್ ಮ್ಯಾನೇಜರಿನಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದು ಕಂಡರೆ ಗ್ರಾಫಿಕ್ಸಿಗೆ ಡ್ರೈವರೇ ಸಿಕ್ಕಿಲ್ಲವೆಂದು ತಿಳಿಯಿರಿ. ಆಗ ಸ್ಟಾರ್ಟ್ ಮೆನುವಿನಿಂದ ಸ್ಲೀಪ್ ಎಂಬ ಆಯ್ಕೆಯೇ ಮಾಯವಾಗಿರುತ್ತದೆ.

ಹೆಸರಿಲ್ಲದ ಸಾಧನಗಳಿಗೆ ಡ್ರೈವರ್ ಹುಡುಕುವಾಗ, ಪ್ರಾಪರ್ಟೀಸಿನ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ವಿಇಎನ್ ಎಂಬುದರ ಮುಂದೆ 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್. ಮೊದಲು ಮದರ್‌ಬೋರ್ಡ್ ತಯಾರಕರ ಪುಟದಿಂದ ಚಿಪ್‌ಸೆಟ್ ಡ್ರೈವರ್, ಆಮೇಲೆ ಉಳಿದವು. ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಡ್ರೈವರುಗಳನ್ನೂ ಹೊಸದಾಗಿಸುತ್ತೇವೆಂದು ಹೇಳುವ ತಂತ್ರಾಂಶಗಳನ್ನು ಹಳೆಯ ಯಂತ್ರಕ್ಕೆ ಹಾಕಲೇಬೇಡಿ, ಕೆಲಸ ಮಾಡುತ್ತಿರುವುದನ್ನೂ ಅವು ಕೆಡಿಸುತ್ತವೆ.

ಇನ್ನೊಂದು ಅಭ್ಯಾಸ ಬದಲಾಗಬೇಕು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಬಂದಿದೆ. ಇದರಲ್ಲಿ ಶಟ್‌ಡೌನ್ ಕೊಟ್ಟಾಗ ವಿಂಡೋಸಿನ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳಲಾಗುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಅಪ್ ಟೈಮ್ ನೋಡಿ: ದಿನವೂ ರಾತ್ರಿ ಶಟ್‌ಡೌನ್ ಮಾಡುತ್ತಿದ್ದರೂ ಅಲ್ಲಿ ಹಲವು ದಿನಗಳ ಲೆಕ್ಕವಿದ್ದರೆ ಫಾಸ್ಟ್ ಸ್ಟಾರ್ಟಪ್ ಚಾಲನೆಯಲ್ಲಿದೆ, ಕೆಟ್ಟ ಸ್ಥಿತಿಯಲ್ಲಿರುವ ಡ್ರೈವರ್ ಅದೇ ಸ್ಥಿತಿಯಲ್ಲಿ ದಿನದಿಂದ ದಿನಕ್ಕೆ ಸಾಗುತ್ತಿದೆ. ಕಂಟ್ರೋಲ್ ಪ್ಯಾನಲಿನ ಪವರ್ ಆಪ್ಷನ್ಸಿನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಇದನ್ನು ತೆಗೆದುಹಾಕಿ. ಶುರುವಾಗಲು ಅರ್ಧ ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ. ಕಾರಣ ಸಿಗುವವರೆಗೆ ಸ್ಲೀಪನ್ನೂ ‘ನೆವರ್’ ಎಂದಿಟ್ಟು, ಮಾನಿಟರ್ ಮಾತ್ರ ಆರುವಂತೆ ಮಾಡಿಕೊಂಡರೆ ಅಂಗಡಿಯ ಕೆಲಸ ನಿಲ್ಲುವುದಿಲ್ಲ.

ಹೊಸದು ಕೊಳ್ಳುವ ಪ್ರಶ್ನೆಗೆ ನನ್ನ ಉತ್ತರ: ಈ ತೊಂದರೆಗಳ ಕಾರಣಕ್ಕಾಗಿ ಬೇಡ. ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ಬೇರೆ ಎಸ್‌ಎಂಪಿಎಸ್ ಹಾಕಿದರೂ ರೀಸ್ಟಾರ್ಟ್ ನಿಲ್ಲದಿದ್ದರೆ ಮಾತ್ರ ಮದರ್‌ಬೋರ್ಡಿನ ಮಾತು ಬರುತ್ತದೆ. ಬೇರೆಯೇ ಒಂದು ಕಾರಣ ಮಾತ್ರ ಬಾಗಿಲಲ್ಲಿ ನಿಂತಿದೆ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹೆಸರು ನೋಂದಾಯಿಸಿದ ವೈಯಕ್ತಿಕ ಬಳಕೆದಾರರಿಗೆ ಭದ್ರತಾ ಅಪ್‌ಡೇಟುಗಳನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಲಾಗಿತ್ತು, ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುವುದರಿಂದ ನಿಮ್ಮ ಯಂತ್ರ ಅದಕ್ಕೆ ಅರ್ಹವಲ್ಲ. ಗಿರಾಕಿಗಳ ಆಧಾರ್, ಬ್ಯಾಂಕ್ ಕಾಗದಪತ್ರಗಳು ಹಾದುಹೋಗುವ ಅಂಗಡಿಯಲ್ಲಿ ಇದನ್ನು ಹಗುರವಾಗಿ ಎಣಿಸಬಾರದು. ಆದ್ದರಿಂದ ಹಳೆಯ ಯಂತ್ರಕ್ಕೆ ಡಿಡಿಆರ್3 ರ‍್ಯಾಮ್ ಕೊಳ್ಳಲು ಹಣ ಹಾಕಬೇಡಿ. ಅರ್ಥಿಂಗ್, ಪ್ರಿಂಟರಿನ ಪ್ರತ್ಯೇಕ ಲೈನ್, ಯುಪಿಎಸ್ ಬ್ಯಾಟರಿಗಳಿಗೆ ಹಾಕಿದ ಹಣ ಹೊಸ ಕಂಪ್ಯೂಟರಿಗೂ ಅಷ್ಟೇ ಉಪಯೋಗಕ್ಕೆ ಬರುತ್ತದೆ, ಒಳ್ಳೆಯ ಎಸ್‌ಎಂಪಿಎಸ್ಸನ್ನು ಹೊಸ ಅಸೆಂಬಲ್ ಯಂತ್ರಕ್ಕೆ ಹಾಕಿಕೊಳ್ಳಬಹುದು. ಆ ವೈರಿಂಗ್ ಸರಿಪಡಿಸದೆ ಹೊಸ ಯಂತ್ರವನ್ನು ಅದೇ ಸಾಕೆಟ್ಟಿಗೆ ಹಾಕಿದರೆ ಅದೂ ಜುಮ್ಮೆನ್ನುತ್ತದೆ, ಪ್ರಿಂಟರಿನ ತಕರಾರೂ ಮುಂದುವರಿಯುತ್ತದೆ.

ಇಷ್ಟೆಲ್ಲ ಆದ ಮೇಲೂ 159 ಕಾಣಿಸಿಕೊಂಡರೆ, ಅದೇ ಡೀಟೇಲ್ಸ್ ಪುಟದಲ್ಲಿ ಬಗ್‌ಚೆಕ್ ಕೋಡಿನ ಕೆಳಗಿರುವ ನಾಲ್ಕು ಪ್ಯಾರಾಮೀಟರುಗಳನ್ನೂ ಬ್ಲೂಸ್ಕ್ರೀನ್‌ವ್ಯೂ ತೋರಿಸುವ ಡ್ರೈವರುಗಳ ಹೆಸರನ್ನೂ ಬರೆದು ಕಳಿಸಿ. ಮೊದಲ ಪ್ಯಾರಾಮೀಟರ್ 3 ಇದ್ದರೆ ಒಂದು ಸಾಧನ ಸೂಚನೆಯನ್ನು ಹಿಡಿದುಕೊಂಡೇ ಕುಳಿತಿದೆ ಎಂಬುದು ಖಚಿತವಾಗುತ್ತದೆ, ಯಾವ ಸಾಧನವೆಂದು ಮಿನಿಡಂಪ್ ಕಡತದಿಂದ ಹೇಳಬಹುದು.